ಅಪ್‌ಡೇಟ್: ಚಿತ್ತಾಲರನ್ನು ಪೂರ್ತಿ ಓದುವ ಹಟ ಎಲ್ಲಿಗೆ ಬಂತು

ಕತೆಗಾರ, ಕಾದಂಬರಿಕಾರ ಯಶವಂತ ಚಿತ್ತಾಲರ ಎಲ್ಲ ಪುಸ್ತಕ ಓದಬೇಕು, ಎಲ್ಲಿಂದ ಶುರು ಮಾಡಲಿ ಅಂತ ಮಳೆಗಾಲದಲ್ಲಿ ಇಲ್ಲಿ ಕೇಳಿದ್ದೆ. 'ಶಿಕಾರಿ' ಕಾದಂಬರಿ ಆಮೇಲೆ ಇಟ್ಟುಕೋ, ಮೊದಲು ಕತೆ ಓದು ಅಂದಿದ್ದಿರಿ. ಹಾಗೇ ಮಾಡಿದೆ. ತುಂಬಾ ಒಳ್ಳೆಯದಾಯಿತು.

ಕತೆಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದಲ್ವಾ? ಅವರು ಹುಟ್ಟಿದ ಊರು, ಗೋಕರ್ಣದ ಹತ್ತಿರವೇ ಇದೆ. ನಾನು ಕಾರವಾರದವಳು, ಆ ಕಡೆ ಎಷ್ಟೋ ಸಲ ಹೋಗಿದ್ದೇನೆ, ಊರೊಳಗೆ ಕಾಲಿಟ್ಟಿರಲಿಲ್ಲ. ಕಳೆದ ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೋದೆ. ಸುಮ್ನೆ ನಡೆದೆವು. ತೆಂಗಿನ ನೆರಳು, ಉಪ್ಪುಗಾಳಿ. ಓದಿದ ಕತೆಯೊಳಗೇ ನಡೆದ ಹಾಗಿತ್ತು.

ಆಮೇಲೆ 'ಮೂರು ದಾರಿಗಳು' ಕಾದಂಬರಿ, ಅದಾದ ಮೇಲೆ 1979ರ 'ಶಿಕಾರಿ'. ಮುಂಬೈಯ ಆಫೀಸಿನಲ್ಲಿ ಅದರ ನಾಯಕ ನಾಗಪ್ಪನಿಗೆ ಹುಟ್ಟುವ ಭಯ ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. ಕತೆಗಳನ್ನು ಮೊದಲು ಓದಿದ್ದಕ್ಕೇ ಅವನ ಒಂಟಿತನ ಇಷ್ಟು ಜಾಸ್ತಿ ತಟ್ಟಿತು ಅನಿಸುತ್ತದೆ.

ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ 'ಕತೆಯಾದಳು ಹುಡುಗಿ' ಕಥಾಸಂಕಲನ ಎರಡು ಸಲ ಓದಿ ಆಯಿತು. 'ಛೇದ', 'ಪುರುಷೋತ್ತಮ', 'ಕೇಂದ್ರ ವೃತ್ತಾಂತ' ಕಾದಂಬರಿಗಳು ಬಾಕಿ ಇವೆ. 'ಸಂದರ್ಶನ' ಕಥಾಸಂಕಲನದ ಹಳೆಯ ಪ್ರತಿ ಇನ್ನೂ ಸಿಕ್ಕಿಲ್ಲ. ಕುಮಟಾ, ಅಂಕೋಲಾ ಕಡೆ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ, ಅಲ್ಲೇ ಕೂತು ಓದಿ ಬರುತ್ತೇನೆ.