ಪಹಣಿ ಅಮ್ಮನ ಹೆಸರಿಗೆ ಬಂತು, ಪಿಎಂ ಕಿಸಾನ್ ಕಂತು ಮಾತ್ರ ಬರುತ್ತಿಲ್ಲ. ಅನುಭವ ಇದ್ದವರು ಹೇಳಿ

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿ ಪಹಣಿ ಅಮ್ಮನ ಹೆಸರಿಗೆ ಮಾಡಿಸಿದ್ದೇವೆ. ಪಿಎಂ ಕಿಸಾನ್‌ಗೆ ಅರ್ಜಿಯೂ ಹಾಕಿದ್ದಾಗಿದೆ, 2000 ಬಂದಿಲ್ಲ. 2019ರ ನಂತರ ಜಮೀನು ಹೆಸರಿಗೆ ಬಂದವರಿಗೆ ಸಿಗೋದಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಬ್ಯಾಂಕಿನವರು ಆಧಾರ್ ಲಿಂಕ್ ಇದೆ ಅಂತಾರೆ. ಎಲ್ಲಿಂದ ಶುರು ಮಾಡಲಿ?

* * *

2019ರ ಮಾತು ಅರ್ಧ ನಿಜ ಅಣ್ಣ. 2019ರ ಫೆಬ್ರವರಿ 1ಕ್ಕೆ ಜಮೀನು ಯಾರ ಹೆಸರಲ್ಲಿತ್ತೋ ಅವರಿಗೆ ಎಂಬುದು ನಿಯಮ, ಆಮೇಲೆ ಕೊಂಡವರಿಗೆ ಇಲ್ಲ. ಆದರೆ ಖಾತೆದಾರರು ತೀರಿಹೋಗಿ ವಾರಸುದಾರರಿಗೆ ಬಂದಿದ್ದರೆ ಆ ದಿನಾಂಕ ಅಡ್ಡಿ ಬರೋದಿಲ್ಲ. ಮರಣ ಪ್ರಮಾಣಪತ್ರ, ಮ್ಯುಟೇಶನ್ ಪ್ರತಿ ಜೊತೆಗಿರಲಿ. ಇನ್ನೊಂದು, ಅಪ್ಪನ ಖಾತೆಗೆ ಕಂತು ಇನ್ನೂ ಬೀಳುತ್ತಿದೆಯಾ ನೋಡಿ. ಬೀಳುತ್ತಿದ್ದರೆ ಮುಟ್ಟಬೇಡಿ, ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ ನಿಲ್ಲಿಸಿ. ನಮ್ಮ ನೆಂಟರ ಮನೆಯಲ್ಲಿ ಸುಮ್ನಿದ್ದರು, ಆಮೇಲೆ ಎಲ್ಲ ವಾಪಸ್ ಕಟ್ಟಬೇಕಾಯಿತು.

* * *

ಬ್ಯಾಂಕಿನವರು ಹೇಳುವ ಲಿಂಕೇ ಬೇರೆ, ದುಡ್ಡು ಬರೋದಕ್ಕೆ ಬೇಕಾದ ಲಿಂಕೇ ಬೇರೆ. ಖಾತೆಗೆ ಆಧಾರ್ ನಂಬರ್ ಸೇರಿಸಿದ್ದರೆ ಸಾಲದು, ಎನ್‌ಪಿಸಿಐ (ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆ) ಪಟ್ಟಿಯಲ್ಲಿ ಆ ಆಧಾರ್ ಮುಂದೆ ಅದೇ ಬ್ಯಾಂಕ್ ಇರಬೇಕು. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಯಾವುದನ್ನು ಸೀಡ್ ಮಾಡಿಸಿದ್ದೀರೋ (ಆ ಪಟ್ಟಿಗೆ ಸೇರಿಸಿದ್ದೀರೋ) ಅದಕ್ಕೇ ಹೋಗುತ್ತದೆ. ನಮ್ಮ ಅತ್ತೆಗೆ ಸಿಮ್ ಕೊಡುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಅದರ ಜೊತೆಗೇ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದುಬಿಟ್ಟಿದ್ದರು, ಅವರಿಗೆ ಗೊತ್ತೇ ಇಲ್ಲ, ಕಂತೆಲ್ಲ ಅಲ್ಲಿ ಹೋಗಿ ಕೂತಿತ್ತು! ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಬ್ಯಾಂಕಿನ ಹೆಸರು ತೋರಿಸುತ್ತದೆ. ಅಮ್ಮನಿಗೆ ಗೃಹಲಕ್ಷ್ಮಿ ಬರುತ್ತಿದ್ದರೆ ಇನ್ನೂ ಸುಲಭ, ಅದು ಯಾವ ಖಾತೆಗೆ ಬೀಳುತ್ತದೋ ನೋಡಿ.

* * *

ಮೊದಲು ಪಿಎಂ ಕಿಸಾನ್ ಸೈಟಿನಲ್ಲಿ ಸ್ಟೇಟಸ್ ತೆಗೆದು ನೋಡಿ ಸರ್, ಇಲ್ಲದಿದ್ದರೆ ಸುಮ್ನೆ ಅಲೆದಾಟ. ಇ-ಕೆವೈಸಿ, ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ), ಆಧಾರ್ ಬ್ಯಾಂಕ್ ಸೀಡಿಂಗ್, ಮೂರಕ್ಕೂ ಯೆಸ್ ಇರಬೇಕು. ಯಾವುದಕ್ಕೆ ನೋ ಇದೆಯೋ ಆ ಆಫೀಸಿಗೆ ಮಾತ್ರ ಹೋಗಿ. ವಯಸ್ಸಾದವರ ಹೆಬ್ಬೆಟ್ಟು ತೆಗೆದುಕೊಳ್ಳದಿದ್ದರೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಕೆವೈಸಿ ಆಗುತ್ತದೆ. ಆ್ಯಪ್ ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ ಬಂದರೆ ಒತ್ತಲೇಬೇಡಿ, ಖಾತೆಯಲ್ಲಿ ಇದ್ದ ದುಡ್ಡೂ ಹೋಗುತ್ತದೆ.

* * *

ರಾಜ್ಯ ಸರ್ಕಾರದ 4000 ಕೂಡ ಬರುತ್ತದಾ?

* * *

ಅದು ನಿಂತುಹೋಯಿತು. ಈಗ ಕೇಂದ್ರದ 6000 ಅಷ್ಟೇ, ಮೂರು ಕಂತಿನಲ್ಲಿ.

* * *

ಎಲ್ಲರಿಗೂ ಥ್ಯಾಂಕ್ಸ್. ಸ್ಟೇಟಸ್ ನೋಡಿದೆ. ಬ್ಯಾಂಕ್, ಕೆವೈಸಿ ಎರಡೂ ಸರಿ ಇದೆ, ಲ್ಯಾಂಡ್ ಸೀಡಿಂಗ್‌ಗೆ ನೋ ಬಂದಿದೆ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ಟ್ಯಾಕ್ಸ್ ಕಟ್ಟುತ್ತೇನೆ, ಅದಕ್ಕೇ ಇರಬಹುದಾ?

* * *

ಅಲ್ಲ. ಈ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು. ನಿಮ್ಮ ಟ್ಯಾಕ್ಸ್ ಲೆಕ್ಕಕ್ಕೆ ಬರೋದಿಲ್ಲ. ನನಗನಿಸುವುದು ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರಿನ ತೊಂದರೆ. ಫ್ರೂಟ್ಸ್‌ನಲ್ಲಿ (ರಾಜ್ಯ ಸರ್ಕಾರದ ರೈತರ ನೋಂದಣಿ ತಂತ್ರಾಂಶ) ಆ ಸರ್ವೆ ನಂಬರ್ ಇನ್ನೂ ಅಪ್ಪನ ಎಫ್‌ಐಡಿಯಲ್ಲೇ ಇರಬೇಕು. ಅಮ್ಮನ ಹೆಸರಿಗೆ ಬೇರೆ ಎಫ್‌ಐಡಿ ಮಾಡಿಸಿ ಅದಕ್ಕೆ ಸೇರಿಸಬೇಕು. ಪಹಣಿಯಲ್ಲಿ ಕೋಂ ಎಂದು ಗಂಡನ ಹೆಸರೂ ಇರುತ್ತದೆ, ಆಧಾರ್‌ನಲ್ಲಿ ಒಂದೇ ಹೆಸರು, ಅಲ್ಲೂ ಸಿಕ್ಕಿಹಾಕಿಕೊಳ್ಳುತ್ತದೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಹೊಸ ಪಹಣಿ, ಪಾಸ್‌ಬುಕ್ ಪ್ರತಿ ತೆಗೆದುಕೊಂಡು ಹೋಗಿ. ಅಮ್ಮನನ್ನೂ ಅವರ ಮೊಬೈಲನ್ನೂ ಕರೆದೊಯ್ಯಿರಿ, ಓಟಿಪಿ ಕೇಳಿದರೆ ಅಲ್ಲೇ ಕೊಡಬಹುದು.