ಸತ್ತವರ ಕೂದಲಿನ ಒಡವೆ: ದುಃಖವೋ, ದೊಡ್ಡಸ್ತಿಕೆಯೋ?

ಸುಮಾ: ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಶೋಕದ ಉಂಗುರಗಳನ್ನು ನೋಡಿ ಬಂದೆ. ಗಾಜಿನಡಿ ಹೆಣೆದ ಕೂದಲು, ಸುತ್ತ ಸಾಸಿವೆ ಗಾತ್ರದ ಮುತ್ತುಗಳು. ಮುತ್ತೆಂದರೆ ಅವರಿಗೆ ಕಣ್ಣೀರು. ತೀರಿಕೊಂಡವರನ್ನು ಬೆರಳಲ್ಲೇ ಇಟ್ಟುಕೊಂಡು ಓಡಾಡಿದರಲ್ಲ ಅಂತ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಗುರು: ಅದು ರಾಣಿ ಹಚ್ಚಿದ ಫ್ಯಾಷನ್ ಅಷ್ಟೇ. 1861ರ ಡಿಸೆಂಬರ್ 14ರಂದು ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ತೀರಿಕೊಂಡ. ವಿಕ್ಟೋರಿಯಾ 1901ರಲ್ಲಿ ಸಾಯುವವರೆಗೂ ಕಪ್ಪು ಬಿಡಲಿಲ್ಲ. ರಾಣಿ ಉಟ್ಟಿದ್ದನ್ನು ಊರೆಲ್ಲ ಉಟ್ಟಿತು, ಜೆಟ್ ಅನ್ನೋ ಕಲ್ಲಿನಂಥ ಕಪ್ಪು ವಸ್ತುವನ್ನು ಒಡವೆಗೆ ಕೆತ್ತುವ ಇಂಗ್ಲೆಂಡಿನ ವಿಟ್ಬಿ ಊರು ದುಡ್ಡು ಮಾಡಿತು.

ಮಂಜುನಾಥ: ರಾಣಿ ಹಚ್ಚಿದ್ದಲ್ಲ, ಗುರು. ವಿಟ್ಬಿಯ ಜೆಟ್ 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲೇ ಇತ್ತು. ಉಂಗುರದ ಪದ್ಧತಿ ಇನ್ನೂ ಹಳೆಯದು. ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ 1703ರಲ್ಲಿ ತೀರಿಕೊಂಡಾಗ ಬಂಧುಮಿತ್ರರಿಗೆ ನೂರಕ್ಕೂ ಹೆಚ್ಚು ಉಂಗುರ ಹಂಚಿದರು, ಅವರವರ ಸ್ಥಾನಕ್ಕೆ ತಕ್ಕ ಬೆಲೆಯದು.

ಗುರು: ಸರಿ, ರಾಣಿಯ ಮಾತು ವಾಪಸ್. ಆದರೆ ಸಾವಿನ ಮನೆಯಲ್ಲೂ ಸ್ಥಾನ ನೋಡಿ ಉಂಗುರ ಕೊಟ್ಟರೆ ಅದನ್ನು ದುಃಖ ಅಂತ ಹೇಗೆ ಅನ್ನೋದು?

ರೇಣುಕಾ: ಉಂಗುರ ಹಂಚಿದ್ದು ಮರ್ಯಾದೆಗೆ, ಒಪ್ಪಿದೆ. ಕೂದಲಿನ ಕೆಲಸ ಬೇರೆ. ಕೂದಲನ್ನು ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದು, ಉದ್ದ ನೋಡಿ ಬೇರ್ಪಡಿಸಿ, ಎಳೆ ಎಣಿಸಿ ಕಟ್ಟು ಮಾಡಬೇಕು. ನಡುವೆ ತೂತಿರುವ ದುಂಡು ಮೇಜಿನ ಸುತ್ತ ಅವನ್ನು ಇಳಿಬಿಟ್ಟು, ತುದಿಗೆ ಸೀಸದ ಗುಂಡು ಕಟ್ಟಿ, ಒಂದರ ಮೇಲೊಂದು ದಾಟಿಸುತ್ತ ಹೆಣೆಯಬೇಕು. ಅಂಗಡಿಯವರು ಬೇರೆ ಯಾರದೋ ಕೂದಲು ಸೇರಿಸಿಬಿಟ್ಟಾರೆಂಬ ಭಯಕ್ಕೇ ಎಷ್ಟೋ ಹೆಂಗಸರು ಮನೆಯಲ್ಲಿ ಕಲಿತು ಹೆಣೆದರು. ಬರೀ ತೋರಿಕೆಗಾದರೆ ಯಾರ ಕೂದಲಾದರೇನು?

ಸುಮಾ: ಈ ಭಯದ ವಿಷಯ ನನಗೆ ಗೊತ್ತಿರಲಿಲ್ಲ. ಮನಸ್ಸಿಗೆ ನಾಟಿತು.

ಶಾರದಮ್ಮ: ನಮ್ಮ ಕಡೆ ಸತ್ತವರ ಕೂದಲು ಮನೆಯಲ್ಲಿಟ್ಟರೆ ಮೈಲಿಗೆ ಅನ್ನುತ್ತಿದ್ದರು. ಗಂಡ ಹೋದರೆ ಹೆಂಡತಿಯ ತಾಳಿ, ಬಳೆ, ಕುಂಕುಮ ತೆಗೆಸುತ್ತಿದ್ದರು, ಕೆಲವು ಜಾತಿಗಳಲ್ಲಿ ತಲೆಯನ್ನೂ ಬೋಳಿಸುತ್ತಿದ್ದರು. ನಮ್ಮಜ್ಜಿಗೆ ಉಳಿದದ್ದು ಅಜ್ಜನ ಕನ್ನಡಕದ ಡಬ್ಬಿ ಒಂದೇ. ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟುಕೊಂಡಿದ್ದಳು. ಆ ದೇಶದ ಹೆಂಗಸರಿಗೆ ನೆನಪನ್ನು ಕೊರಳಲ್ಲಿ ಹಾಕಿಕೊಳ್ಳುವ ಭಾಗ್ಯವಾದರೂ ಇತ್ತು.

ರೇಣುಕಾ: ಅಮ್ಮಾ, ಆ ಭಾಗ್ಯದ ಜತೆ ಕಟ್ಟುಪಾಡೂ ಇತ್ತು. ವಿಧವೆಗೆ ಎರಡು ವರ್ಷಕ್ಕೂ ಮೇಲೆ ಶೋಕದ ಉಡುಪು. ಮೊದಲ ವರ್ಷವಂತೂ ಕ್ರೇಪ್ ಅನ್ನೋ ಹೊಳಪಿಲ್ಲದ ಕಪ್ಪು ಬಟ್ಟೆ. ಹೆಂಡತಿ ಸತ್ತ ಗಂಡಸು ಹ್ಯಾಟಿಗೊಂದು ಕಪ್ಪು ಪಟ್ಟಿ ಸುತ್ತಿಕೊಂಡು ಕೆಲಸಕ್ಕೆ ಹೋಗಬಹುದಿತ್ತು. ನನಗೆ ಸಿಟ್ಟು ಬರುವುದು ಇಲ್ಲೇ.

ಗುರು: ಈ ಮಾತು ಒಪ್ಪುತ್ತೇನೆ. ಕೂದಲಿನ ವಿಷಯದಲ್ಲೂ ನಾನು ದುಡುಕಿದೆ. ಜೆಟ್ ಬಗ್ಗೆ ಮಾತ್ರ ನನ್ನ ಮಾತು ಬದಲಿಸಲ್ಲ, ಅದು ವ್ಯಾಪಾರವೇ.

ಮಂಜುನಾಥ: ವ್ಯಾಪಾರ ಹೌದು. ಅದಕ್ಕೇ ನಕಲೂ ಬಂತು: ಕಪ್ಪು ಗಾಜು, ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್.

ಸುಮಾ: ಇಲ್ಲಿನ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಕಪ್ಪು ಬ್ರೋಚ್ ಇದೆ, ಜೆಟ್ ಅನ್ನುತ್ತಾರೆ. ಹೇಗೆ ನೋಡೋದು?

ಮಂಜುನಾಥ: ಅಂಗೈಯಲ್ಲಿ ಇಟ್ಟುಕೊಳ್ಳಿ. ಜೆಟ್ ಕೋಟ್ಯಂತರ ವರ್ಷ ಹೂತಿದ್ದ ಮರ, ಹಗುರ, ಮುಟ್ಟಿದರೆ ತಣ್ಣಗಿರಲ್ಲ. ಗಾಜು ಭಾರ, ತಣ್ಣಗೆ ಕೊರೆಯುತ್ತೆ. ರಬ್ಬರ್ ಆದರೆ ಬಿಸಿಲಿಗೆ ಕಂದು ತಿರುಗಿರುತ್ತೆ, ಅಚ್ಚಿಗೆ ಒತ್ತಿದ್ದರಿಂದ ಕೆತ್ತಿದ ಉಳಿಯ ಗುರುತೂ ಇರಲ್ಲ. ಹಿಂಬದಿ ತಿರುಗಿಸಿ ನೋಡೋದು ಮರೀಬೇಡಿ, ಸತ್ತವರ ಹೆಸರು, ತಾರೀಖು ಅಲ್ಲಿ ಕೊರೆದಿರಬಹುದು.