ಪದಚರ್ಚೆ: ಬಯೋಸ್ಟಿಮ್ಯುಲಂಟ್‌ಗೆ ‘ಜೈವಿಕ ಉತ್ತೇಜಕ’ ಸಾಕಾ? ಜೊತೆಗೆ ಪಾಚಿ, ಬೇರು, ಒಕ್ಕಲು

ಎಲ್ಲರಿಗೂ ನಮಸ್ಕಾರ.

ಭತ್ತ, ತರಕಾರಿ ಬೆಳೆಯುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕ್ಲೋರೆಲ್ಲಾ, ಸೆನೆಡೆಸ್ಮಸ್, ಸ್ಪಿರುಲಿನಾ ತರದ ಬರಿಗಣ್ಣಿಗೆ ಕಾಣದ ಪಾಚಿಗಳನ್ನು ಬೆಳೆಗೆ ಬಯೋಸ್ಟಿಮ್ಯುಲಂಟ್ (ಗೊಬ್ಬರದಂತೆ ಪೋಷಕಾಂಶ ಕೊಡದೆ ಗಿಡದ ಒಳಗಿನ ಕೆಲಸ ಚುರುಕು ಮಾಡುವ ವಸ್ತು) ಆಗಿ ಕೊಟ್ಟರೆ ಏನಾಗುತ್ತದೆ, ಬೇರಿನ ಸುತ್ತ ಇರುವ ಸೂಕ್ಷ್ಮಜೀವಿಗಳಿಗೆ ಏನಾಗುತ್ತದೆ ಅನ್ನುವುದು ವಿಷಯ. ವಿಜ್ಞಾನ ಹೇಗೋ ಬರೆಯಬಹುದು, ಪದಗಳೇ ಕಾಡುತ್ತಿವೆ. ನಿಮ್ಮ ಸಲಹೆ ಬೇಕು.

ಮೊದಲು ಬಯೋಸ್ಟಿಮ್ಯುಲಂಟ್. ‘ಜೈವಿಕ ಉತ್ತೇಜಕ’, ‘ಜೈವಿಕ ಪ್ರಚೋದಕ’ ಎರಡೂ ಓಡಾಡುತ್ತಿವೆ. ಪ್ರಚೋದಕ ಬೇಡ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆಕ್ಸಿನ್, ಜಿಬ್ಬರೆಲಿನ್ ತರದ ಹಾರ್ಮೋನುಗಳನ್ನು ಈಗಾಗಲೇ ‘ಬೆಳವಣಿಗೆ ಪ್ರಚೋದಕ’ ಅಂತ ಕರೆದು ರೂಢಿಯಾಗಿದೆ, ಕಾನೂನು ಇವೆರಡನ್ನೂ ಬೇರೆ ಬೇರೆ ಇಟ್ಟಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರಲ್ಲಿ ತಿದ್ದುಪಡಿ ತಂದು ಬಯೋಸ್ಟಿಮ್ಯುಲಂಟ್ ಅನ್ನು ಅದರೊಳಗೆ ಸೇರಿಸಿದರು. ಅಲ್ಲಿನ ವಿವರಣೆಯಲ್ಲಿ ಸರಕಿನಲ್ಲಿ ಪೋಷಕಾಂಶ ಎಷ್ಟಿದೆ ಅನ್ನುವುದು ಲೆಕ್ಕಕ್ಕೇ ಇಲ್ಲ. ಗಿಡದ ಒಳಗಿನ ಕೆಲಸ ಚುರುಕಾಗಬೇಕು, ಇರುವ ಪೋಷಕಾಂಶವನ್ನು ಗಿಡ ಚೆನ್ನಾಗಿ ಹೀರಬೇಕು, ಬರ-ಉಪ್ಪು-ಬಿಸಿಲು ತಡೆಯಬೇಕು, ಅಷ್ಟೇ. ಕೀಟನಾಶಕ ಮತ್ತು ಬೆಳವಣಿಗೆ ಪ್ರಚೋದಕಗಳನ್ನು ಹೊರಗಿಟ್ಟಿದ್ದಾರೆ. ಯುರೋಪಿನ 2019ರ ನಿಯಮವೂ ಹೀಗೇ, ಸರಕಿನಲ್ಲಿ ಏನಿದೆ ಅನ್ನುವುದಕ್ಕಿಂತ ಅದು ಏನು ಮಾಡುತ್ತದೆ ಅನ್ನುವುದರ ಮೇಲೆ ಹೆಸರು ಕೊಡುತ್ತದೆ.

ಉತ್ತೇಜಕ ಪರವಾಗಿಲ್ಲ. ಆದರೆ ರೈತರ ಬಾಯಲ್ಲಿ ಅದು ಇಲ್ಲ. ಅವರು ‘ಟಾನಿಕ್’ ಅನ್ನುತ್ತಾರೆ, ‘ಟಾನಿಕ್ ಹೊಡೆದೆ’ ಅಂತ. ಹಾರ್ಮೋನು, ಕಡಲಪಾಚಿಯ ರಸ, ಲಘು ಪೋಷಕಾಂಶ ಎಲ್ಲವೂ ಟಾನಿಕ್ಕೇ. ಪದ ಸುಲಭವಾಗಿದೆ, ಆದರೆ ಅದರೊಳಗೆ ಏನು ಬೇಕಾದರೂ ತುಂಬಿ ಮಾರಬಹುದು, ಅದೇ ನನ್ನ ಭಯ. ‘ಬೆಳೆಚೇತಕ’ ಅಂದರೆ ಹೇಗೆ? ಹೇಳಲು ಚಿಕ್ಕದು, ಹೊಟ್ಟೆ ತುಂಬಿಸುತ್ತದೆ ಅನ್ನುವ ಅರ್ಥವೂ ಬರುವುದಿಲ್ಲ.

ಹೊಟ್ಟೆ ತುಂಬಿಸುವ ಮಾತು ಯಾಕೆ ಬಂತು ಅಂದರೆ, ಇನ್ನೊಂದು ಗೊಂದಲ ‘ಜೈವಿಕ ಗೊಬ್ಬರ’ದ ಜೊತೆ. ನೀಲಿ-ಹಸಿರು ಪಾಚಿ ನಮ್ಮ ಕೃಷಿ ಬರಹಗಳಲ್ಲಿ ಹಳೇ ಹೆಸರು. ಭತ್ತದ ಗದ್ದೆಯಲ್ಲಿ ಅದು ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ ಅಂತ ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿದ್ದರು. ನಾಟಿಯಾದ ಸುಮಾರು ಒಂದು ವಾರಕ್ಕೆ ಎಕರೆಗೆ 4 ಕೆ.ಜಿ.ಯಷ್ಟು ಒಣಗಿಸಿದ ಪಾಚಿಪುಡಿ ಎರಚಿ ಅಂತ ಹೇಳಿಕೊಡುವುದೂ ಹಳೆಯದೇ. ಅದು ನಿಜವಾಗಿ ಗೊಬ್ಬರದ ಕೆಲಸ, ಸಾರಜನಕ ಕೊಡುತ್ತದೆ. ಕ್ಲೋರೆಲ್ಲಾ ಹಾಗೆ ಸಾರಜನಕ ಹಿಡಿಯುವುದಿಲ್ಲ. ಅದರ ಜೀವಕೋಶದಲ್ಲಿರುವ ಅಮೈನೋ ಆಮ್ಲ, ಸಕ್ಕರೆಸರಗಳು, ಹಾರ್ಮೋನಿನಂಥ ಕೆಲವು ವಸ್ತುಗಳು ಗಿಡವನ್ನು ತಟ್ಟುತ್ತವೆ. ಎರಡನ್ನೂ ‘ಪಾಚಿ ಗೊಬ್ಬರ’ ಅಂತ ಒಂದೇ ಚೀಲದಲ್ಲಿ ಹಾಕಿದರೆ ರೈತ ಯೂರಿಯಾ ಕಡಿಮೆ ಮಾಡಿಬಿಡುತ್ತಾನೆ, ಇಳುವರಿ ಕೈಕೊಡುತ್ತದೆ. ಇಲ್ಲಿ ಹೆಸರು ತಪ್ಪಿದರೆ ದುಡ್ಡು ಹೋಗುವುದು ಅವನದು.

ಇನ್ನು ‘ಪಾಚಿ’. ಶಾಲೆ ಪುಸ್ತಕದ ‘ಶೈವಲ’ ಯಾರಿಗೂ ಬೇಡ ಅಂದುಕೊಳ್ಳುತ್ತೇನೆ. ಆದರೆ ಕನ್ನಡದಲ್ಲಿ ಪಾಚಿ ಒಳ್ಳೆಯ ಮಾತಲ್ಲ, ಅಲ್ವಾ? ಕೊಳ ಪಾಚಿಗಟ್ಟುತ್ತದೆ, ಹಲ್ಲು ಪಾಚಿಗಟ್ಟುತ್ತದೆ, ಮೆಟ್ಟಿಲ ಪಾಚಿ ಕಾಲು ಜಾರಿಸುತ್ತದೆ. ಗದ್ದೆಯಲ್ಲಿ ನೂಲಿನಂತೆ ಹಬ್ಬುವ ಪಾಚಿಗೆ ಮೈಲುತುತ್ತ ಹಾಕಿ ಸಾಯಿಸುತ್ತಾರೆ. ಅಂಥವರಿಗೆ ‘ಪಾಚಿ ಹಾಕಿ’ ಅಂದರೆ ಮುಖ ನೋಡುತ್ತಾರೆ. ಆದರೂ ನಾನು ಪಾಚಿಯನ್ನೇ ಇಟ್ಟುಕೊಳ್ಳುತ್ತೇನೆ. ‘ಸೂಕ್ಷ್ಮಪಾಚಿ’ಗಿಂತ ‘ಕಿರುಪಾಚಿ’ ಒಳ್ಳೆಯದು ಅನ್ನಿಸುತ್ತದೆ, ಯಾಕೆಂದರೆ ‘ಸೂಕ್ಷ್ಮ ಪೋಷಕಾಂಶ’ ಅನ್ನುವಲ್ಲಿ ಸೂಕ್ಷ್ಮ ಅಂದರೆ ಸ್ವಲ್ಪ ಸಾಕು ಅಂತ, ಇಲ್ಲಿ ಗಾತ್ರ ಚಿಕ್ಕದು ಅಂತ. ಸಮುದ್ರದ್ದಕ್ಕೆ ‘ಕಡಲಪಾಚಿ’. ‘ಸಮುದ್ರಕಳೆ’ ಬೇಡವೇ ಬೇಡ, ಕಳೆ ಅಂದರೆ ರೈತನಿಗೆ ಕೀಳುವ ವಸ್ತು.

ಈಗ ನನಗೆ ಮುಖ್ಯವಾದದ್ದು. ಕಿರುಪಾಚಿ ಮಣ್ಣಿಗೆ ಬಿದ್ದರೆ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಗುವುದನ್ನು ಹೇಗೆ ಹೇಳುವುದು? ಜೀವಂತ ಪಾಚಿ ಬಿಸಿಲು ಬೀಳುವ ಮೇಲ್ಪದರದಲ್ಲಿ ಬೆಳೆದು ಸಕ್ಕರೆಯಂಥ ವಸ್ತುಗಳನ್ನು ಸೋರಿಸುತ್ತದೆ, ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತವೆ, ಬದಲಿಗೆ ಕೆಲವು ಪಾಚಿಗಳಿಗೆ ಬ್ಯಾಕ್ಟೀರಿಯಾದಿಂದ ಬಿ12 ವಿಟಮಿನ್ ಸಿಗುತ್ತದೆ. ಪಾಚಿಯ ಅಂಟು ಮಣ್ಣಿನ ಕಣಗಳನ್ನು ಹಿಡಿದಿಡುತ್ತದೆ. ಅಜೋಸ್ಪಿರಿಲಂ ಅನ್ನುವ, ಬೇರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾದ ಜೊತೆ ಕ್ಲೋರೆಲ್ಲಾ ಬೆಳೆಸಿದರೆ ಕ್ಲೋರೆಲ್ಲಾನೇ ಚೆನ್ನಾಗಿ ಬೆಳೆಯುತ್ತದೆ. ಸತ್ತ ಪಾಚಿ ಅಥವಾ ಅದರ ರಸ ಹಾಕಿದರೆ ಕಥೆ ಬೇರೆ, ಅದು ಮಣ್ಣಿನ ಜೀವಿಗಳಿಗೆ ಒಮ್ಮೆಗೆ ಸಿಗುವ ಊಟ. ಆಗ ಬೇಗ ಬೆಳೆಯುವವು ಜಾಸ್ತಿಯಾಗುತ್ತವೆ, ಬೇರೆ ಕೆಲವು ಹಿಂದೆ ಬೀಳುತ್ತವೆ. ಕೆಲವು ಪಾಚಿಗಳ ರಸ ಶಿಲೀಂಧ್ರವನ್ನು ತಡೆಯುತ್ತದೆ. ಕೆಲವು ನೀಲಿ-ಹಸಿರು ಪಾಚಿಗಳು ವಿಷವನ್ನೂ ತಯಾರಿಸುತ್ತವೆ. ಹಾಗಾಗಿ ‘ಮಣ್ಣಿನ ಜೀವಾಣು ಹೆಚ್ಚಿಸುತ್ತದೆ’ ಅಂತ ಸುಮ್ನೆ ಬರೆಯುವುದು ಸರಿಯಲ್ಲ. ಯಾರು ಹೆಚ್ಚಿದರು, ಯಾರು ತಗ್ಗಿದರು ಅನ್ನುವುದೇ ವಿಷಯ.

ಅದಕ್ಕೆ ಒಂದು ಗುಂಪಿನ ಪದ ಬೇಕು. ‘ಸಮುದಾಯ’ ಅಂದರೆ ಪತ್ರಿಕೆ ಓದುವವರಿಗೆ ಜಾತಿ ನೆನಪಾಗುತ್ತದೆ. ‘ಬಳಗ’ ಚೆನ್ನಾಗಿದೆ, ಆದರೆ ಎಲ್ಲರೂ ನೆಂಟರು ಅನ್ನುವ ಭಾವ, ಇಲ್ಲಿ ಒಬ್ಬರನ್ನೊಬ್ಬರು ತಿನ್ನುವವರೂ ಇದ್ದಾರೆ. ಬೇರಿನಲ್ಲಿ ಬ್ಯಾಕ್ಟೀರಿಯಾ ನೆಲೆಸುವುದಕ್ಕೆ ‘ವಸಾಹತು ಸ್ಥಾಪಿಸುತ್ತವೆ’ ಅಂತ ಬರೆಯುವುದನ್ನು ನೋಡಿದ್ದೇನೆ, ಬ್ರಿಟಿಷರು ಬಂದ ಹಾಗಿದೆ. ನನಗೆ ಹೊಳೆದದ್ದು ‘ಒಕ್ಕಲು’. ಮನೆ ಒಕ್ಕಲು ಅನ್ನುತ್ತೇವಲ್ಲ, ಅದೇ. ‘ಅಜೋಸ್ಪಿರಿಲಂ ಜೋಳದ ಬೇರಿನಲ್ಲಿ ಒಕ್ಕಲಾಗುತ್ತದೆ’, ‘ಪಾಚಿರಸ ಹಾಕಿದ ಮೇಲೆ ಬೇರೊಕ್ಕಲು ಬದಲಾಗುತ್ತದೆ’. ಬೇರಿನ ಸುತ್ತಲಿನ ಮಣ್ಣಿಗೆ 1904ರಲ್ಲಿ ಜರ್ಮನಿಯ ವಿಜ್ಞಾನಿ ಹಿಲ್ಟ್ನರ್ ಇಟ್ಟ ಹೆಸರಾದ ರೈಜೋಸ್ಫಿಯರ್‌ಗೆ ‘ಬೇರುಗೋಳ’ದ ಬದಲು ‘ಬೇರಿನ ಆಸುಪಾಸು’ ಅಂದರೆ ಸಾಲದಾ?

ಒಂದು ಅನುಮಾನ ಇದೆ. ಒಕ್ಕಲು ಅಂದರೆ ರೈತನೂ ಹೌದು, ಗೇಣಿದಾರನೂ ಹೌದು. ಮಂಡ್ಯ, ಗಂಗಾವತಿ, ಕರಾವಳಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ಬೇರೊಕ್ಕಲು’ ಅಂದರೆ ಕಿವಿಗೆ ಹೇಗೆ ಬೀಳುತ್ತದೆ? ಗದ್ದೆ ನೀರಿನ ಮೇಲಿನ ಹಸಿರಿಗೆ ಏನನ್ನುತ್ತೀರಿ, ಪಾಚಿಯೋ ಹಾವಸೆಯೋ, ಎರಡಕ್ಕೂ ನಿಮ್ಮಲ್ಲಿ ವ್ಯತ್ಯಾಸ ಇದೆಯಾ?